ನವೆಂಬರಿನ ಕೆಂಪು ಹೂವು: ಬ್ರಿಟನ್ನಿನಲ್ಲಿರುವ ಕನ್ನಡಿಗರು ಪಾಪ್ಪಿಯನ್ನು ಧರಿಸಬೇಕೆ?

ಥೇಮ್ಸ್ ದಂಡೆ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನಿಂದ ರೆಡಿಂಗ್‌ಗೆ ಬಂದು ನೆಲೆಸಿದ ಮೇಲೆ ಇದು ಮೊದಲ ನವೆಂಬರ್. ಅಕ್ಟೋಬರ್ ಕೊನೆಯ ವಾರದಿಂದ ಕಚೇರಿಯಲ್ಲಿ, ರೈಲಿನಲ್ಲಿ, ಟಿ.ವಿ.ಯಲ್ಲಿ ವಾರ್ತೆ ಓದುವವರ ಕೋಟಿನ ಮೇಲೆ, ಎಲ್ಲಿ ನೋಡಿದರೂ ಕೆಂಪು ಕಾಗದದ ಪಾಪ್ಪಿ ಹೂವು ಕಾಣಿಸುತ್ತಿದೆ. ಅಂಗಡಿಯ ಬಾಗಿಲಲ್ಲಿ ಪದಕಗಳನ್ನು ಧರಿಸಿದ ಹಿರಿಯರೊಬ್ಬರು ಹೂವಿನ ತಟ್ಟೆ ಮತ್ತು ಕಾಣಿಕೆಯ ಡಬ್ಬಿ ಇಟ್ಟುಕೊಂಡು ಕುಳಿತಿರುತ್ತಾರೆ. ಮಗಳ ಶಾಲೆಯಿಂದಲೂ ಹೂವಿಗಾಗಿ ಚಿಲ್ಲರೆ ಕಳಿಸಬಹುದು ಎಂಬ ಚೀಟಿ ಬಂದಿದೆ.

ಮನೆಯಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಈ ನೆಲದಲ್ಲಿ ದುಡಿಯುತ್ತಿರುವಾಗ ಇಲ್ಲಿಯ ಯೋಧರಿಗೆ ಗೌರವ ತೋರಿಸುವುದರಲ್ಲಿ ತಪ್ಪೇನಿದೆ ಎಂದು ನನ್ನ ಯಜಮಾನರು ಕೇಳುತ್ತಾರೆ. ಧಾರವಾಡದಲ್ಲಿರುವ ಮಾವನವರು ಫೋನಿನಲ್ಲಿ, ನಮ್ಮನ್ನು ಆಳಿದವರ ಸೈನ್ಯದ ಗುರುತನ್ನು ಮೊಮ್ಮಗಳ ಎದೆಗೆ ಸಿಕ್ಕಿಸಬೇಡಿ ಎಂದರು. ಈ ಹೂವು ಯಾರನ್ನು ನೆನೆಯುತ್ತದೆ, ಇದರಿಂದ ಬಂದ ಹಣ ಯಾರಿಗೆ ಹೋಗುತ್ತದೆ, ಧರಿಸದಿದ್ದರೆ ಜನ ತಪ್ಪು ತಿಳಿಯುತ್ತಾರೆಯೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಎಡಿನ್‌ಬರೋ ಕನ್ನಡಿಗ

ಮೇಡಂ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕಡ್ಡಾಯವೇನೂ ಇಲ್ಲ. ಹೂವನ್ನು ಹಂಚುವ ರಾಯಲ್ ಬ್ರಿಟಿಷ್ ಲೀಜನ್ ಸಂಸ್ಥೆಯೇ ಇದು ಅವರವರ ಇಷ್ಟಕ್ಕೆ ಬಿಟ್ಟದ್ದು ಎಂದು ಹೇಳುತ್ತದೆ. ಹೂವಿಗೆ ನಿಗದಿತ ಬೆಲೆಯೂ ಇಲ್ಲ, ಮನಸ್ಸಿಗೆ ಬಂದಷ್ಟನ್ನು ಡಬ್ಬಿಗೆ ಹಾಕಬಹುದು. 1921ರ ಮೇ ತಿಂಗಳಲ್ಲಿ ಹುಟ್ಟಿದ ಈ ಸಂಸ್ಥೆ ಅಂದಿನಿಂದಲೂ ಸೇನೆಯಲ್ಲಿ ಇರುವವರು, ಇದ್ದವರು ಮತ್ತು ಅವರ ಕುಟುಂಬದವರ ನೆರವಿಗಾಗಿ ಈ ಹಣವನ್ನು ಬಳಸುತ್ತಿದೆ.

ನಮ್ಮ ಸ್ಕಾಟ್ಲೆಂಡಿನ ಹೂವು ಬೇರೆ. ಇದಕ್ಕೆ ನಾಲ್ಕು ದಳಗಳಿವೆ, ಎಲೆ ಇಲ್ಲ. ನಿಮ್ಮ ಇಂಗ್ಲೆಂಡಿನದಕ್ಕೆ ಎರಡು ದಳ ಮತ್ತು ಒಂದು ಹಸಿರು ಎಲೆ. ಇಲ್ಲಿಯ ಹೂವನ್ನು 1926ರಿಂದ ಎಡಿನ್‌ಬರೋ ನಗರದಲ್ಲಿಯೇ ಮಾಜಿ ಯೋಧರು ತಯಾರಿಸುತ್ತಾ ಬಂದಿದ್ದಾರೆ, ಹಣವೂ ಸ್ಕಾಟ್ಲೆಂಡಿನ ಯೋಧರಿಗೇ ಸಲ್ಲುತ್ತದೆ. ಯಾವುದು ಹೆಚ್ಚು ಚೆಂದ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ, ನಮ್ಮದೇ ಚೆಂದ.

ಗಸಗಸೆ ಪಾಯಸ

ಇದು ನಾವು ಪಾಯಸಕ್ಕೆ ಹಾಕುವ ಗಸಗಸೆಯ ಗಿಡದ ಹೂವೇ ಅಲ್ಲವೆ? ಅಫೀಮಿನ ಹೂವನ್ನು ಯೋಧರ ನೆನಪಿಗೆ ಆರಿಸಿದ್ದು ಏಕೋ ತಿಳಿಯದು.

ಕರಿಹಲಗೆ

ಗಸಗಸೆಯವರೇ, ಅದು ಬೇರೆ, ಇದು ಬೇರೆ. ಎರಡೂ ಒಂದೇ ಕುಲದ ಗಿಡಗಳಾದರೂ ಇದು ಯೂರೋಪಿನ ಗೋಧಿ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಜಾತಿ. ಇದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದು, ನೆಲವನ್ನು ಕೆದಕಿ ಬೆಳಕು ತಾಗಿದಾಗ ಮೊಳೆಯುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ನೆಲವನ್ನು ತೋಪಿನ ಗುಂಡುಗಳು ಅಗೆದು ಹಾಕಿದ್ದರಿಂದ, ಮರಗಿಡಗಳೆಲ್ಲ ಸತ್ತ ಜಾಗದಲ್ಲಿ, ಹೊಸ ಗೋರಿಗಳ ಸುತ್ತಮುತ್ತ, ಈ ಹೂವು ಕೆಂಪಗೆ ಅರಳಿ ನಿಂತಿತು.

1915ರ ಮೇ ತಿಂಗಳಲ್ಲಿ ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಕೆನಡಾದ ಸೇನಾವೈದ್ಯ ಜಾನ್ ಮೆಕ್ರೇ, ಗೆಳೆಯನೊಬ್ಬನ ಸಾವಿನ ನಂತರ ಈ ಹೂಗಳನ್ನು ಕುರಿತು ಒಂದು ಪದ್ಯ ಬರೆದರು. ಅದು ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ‘ಪಂಚ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿದ ಅಮೆರಿಕದ ಅಧ್ಯಾಪಕಿ ಮೊಯಿನಾ ಮೈಕಲ್ 1918ರ ನವೆಂಬರಿನಲ್ಲಿ, ಯುದ್ಧ ನಿಲ್ಲುವ ಎರಡು ದಿನ ಮೊದಲು, ರೇಷ್ಮೆಯ ಪಾಪ್ಪಿಗಳನ್ನು ಕೊಂಡು ತಾವೂ ಧರಿಸಿ ಇತರರಿಗೂ ಹಂಚಿದರು. ಫ್ರಾನ್ಸಿನ ಆನಾ ಗೆರಿನ್ ಎಂಬಾಕೆ ಅದನ್ನು ನಿಧಿ ಕೂಡಿಸುವ ಕೆಲಸಕ್ಕೆ ತಿರುಗಿಸಿ, 1921ರಲ್ಲಿ ಲಂಡನ್ನಿಗೆ ತಂದರು. ಆ ವರ್ಷ ಬ್ರಿಟನ್ನಿನಲ್ಲಿ 90 ಲಕ್ಷ ಹೂವುಗಳು ಖರ್ಚಾಗಿ 1,06,000 ಪೌಂಡುಗಳು ಕೂಡಿಬಂದವು.

ಮರುವರ್ಷ ಮೇಜರ್ ಜಾರ್ಜ್ ಹೌಸನ್ ಎಂಬವರು ಅಂಗವಿಕಲರಾದ ಯೋಧರಿಗಾಗಿ ಹೂವಿನ ಕಾರ್ಖಾನೆಯನ್ನು ತೆರೆದರು. ಒಂದು ಕೈ ಕಳೆದುಕೊಂಡವನು ಕೂಡ ಯಾರ ಸಹಾಯವೂ ಇಲ್ಲದೆ ಜೋಡಿಸಬಲ್ಲಂತೆ ಹೂವಿನ ಭಾಗಗಳನ್ನು ರೂಪಿಸಿದ್ದರು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ಕವಿತೆ, ಮೆರವಣಿಗೆಗಳೆಲ್ಲ ಇದ್ದೇ ಇವೆ, ಆದರೆ ಕೆಲಸವಿಲ್ಲದವನ ಕೈಗೆ ಕೆಲಸ ಕೊಟ್ಟದ್ದು ಈ ಕಾಗದದ ಹೂವು.

ತಕರಾರು

ಕರಿಹಲಗೆಯವರು ಪಾಠವನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಉಳಿದರ್ಧವನ್ನು ನಾನು ಹೇಳುತ್ತೇನೆ. ಈ ಹೂವಿನ ನಡುವಿನ ಕಪ್ಪು ಗುಂಡಿಯ ಮೇಲೆ 1994ರವರೆಗೂ ‘ಹೇಗ್ ಫಂಡ್’ ಎಂದು ಅಚ್ಚಾಗಿರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸೋಮ್ ಕದನವನ್ನು ನಡೆಸಿದ ಸೇನಾಪತಿ ಡಗ್ಲಸ್ ಹೇಗ್ ಇವರೇ. ಆ ಕದನ ಶುರುವಾದ 1916ರ ಜುಲೈ 1ರ ಒಂದೇ ದಿನದಲ್ಲಿ ಬ್ರಿಟಿಷ್ ಸೇನೆಯ 19,240 ಮಂದಿ ಸತ್ತರು. ಸತ್ತವರನ್ನು ನೆನೆಯಲು ಧರಿಸುವ ಹೂವಿನ ಮೇಲೆ, ಅವರನ್ನು ಸಾವಿಗೆ ಕಳಿಸಿದವರ ಹೆಸರು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದುದನ್ನು ಮರೆಯುವುದು ಹೇಗೆ?

ಗಸಗಸೆಯವರ ಮಾತನ್ನೂ ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ. 2010ರ ನವೆಂಬರಿನಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಚೀನಾಕ್ಕೆ ಹೋದಾಗ, ಹತ್ತೊಂಬತ್ತನೆಯ ಶತಮಾನದಲ್ಲಿ ಅಫೀಮಿನ ವ್ಯಾಪಾರಕ್ಕಾಗಿ ಬ್ರಿಟನ್ ಚೀನಾದ ಮೇಲೆ ಮಾಡಿದ ಅಫೀಮು ಯುದ್ಧಗಳನ್ನು ನೆನಪಿಸುತ್ತದೆ ಎಂಬ ಕಾರಣಕ್ಕೆ ಈ ಹೂವನ್ನು ತೆಗೆದಿಡಲು ಚೀನಾದ ಅಧಿಕಾರಿಗಳು ಕೇಳಿದರೆಂದೂ, ಬ್ರಿಟಿಷರು ಒಪ್ಪಲಿಲ್ಲವೆಂದೂ ಪತ್ರಿಕೆಗಳಲ್ಲಿ ಬಂದಿತ್ತು. ಸಸ್ಯಶಾಸ್ತ್ರದಲ್ಲಿ ಎರಡು ಜಾತಿಗಳಿರಬಹುದು, ಆದರೆ ಅಂದು ಚೀನಾಕ್ಕೆ ಹೋದ ಅಫೀಮು ಬೆಳೆದದ್ದು ನಮ್ಮ ಭಾರತದ ರೈತರ ಹೊಲದಲ್ಲಿ ಎಂಬುದು ನೆನಪಿರಲಿ.

ಎಡಿನ್‌ಬರೋ ಕನ್ನಡಿಗ

ತಕರಾರು ಅವರೇ, ಹೇಗ್ ಅವರ ಹೆಸರು ಅಲ್ಲಿ ಇದ್ದದ್ದು ಅವರು ಯುದ್ಧದ ನಂತರ ಮಾಜಿ ಯೋಧರ ನಿಧಿಯನ್ನು ಕಟ್ಟಿದ್ದಕ್ಕಾಗಿಯೇ ಹೊರತು ಸೋಮ್ ಕದನದ ಸ್ಮರಣೆಗಾಗಿ ಅಲ್ಲ. ಸೇನಾಪತಿಯ ಲೆಕ್ಕವನ್ನು ಇತಿಹಾಸ ಕೇಳಲಿ, ಕಾಲು ಕಳೆದುಕೊಂಡ ಸಿಪಾಯಿ ಏನು ಮಾಡಿದ್ದ?

ತಕರಾರು

ಸಿಪಾಯಿಯ ಮೇಲೆ ನನ್ನ ತಕರಾರಿಲ್ಲ. ಅವನ ಕಾಲಿನ ಜವಾಬ್ದಾರಿ ಯುದ್ಧಕ್ಕೆ ಕಳಿಸಿದ ಸರ್ಕಾರದ್ದು. ಸರ್ಕಾರ ಖಜಾನೆಯಿಂದ ಕೊಡಬೇಕಾದದ್ದನ್ನು ಸಾರ್ವಜನಿಕರು ಡಬ್ಬಿಯಿಂದ ಕೊಡುತ್ತಿರುವಾಗ, ಮಂತ್ರಿಗಳು ಅದೇ ಹೂವನ್ನು ಸಿಕ್ಕಿಸಿಕೊಂಡು ಕ್ಯಾಮೆರಾದ ಮುಂದೆ ನಿಲ್ಲುವುದು ನನಗೆ ಸಹಿಸದು.

ಬೆಳಗಾವಿಯ ಸುಬೇದಾರ್

ನಾನು ಸೇನೆಯಿಂದ ನಿವೃತ್ತನಾಗಿ ಊರಿನಲ್ಲಿ ಇರುವವನು. ಮಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಇರುವುದರಿಂದ ಈ ವೇದಿಕೆಯನ್ನು ಓದುತ್ತೇನೆ. ಹೂವಿನ ಬಣ್ಣ, ದಳ, ಅದರ ಮೇಲಿನ ಹೆಸರು ಇವೆಲ್ಲ ಇರಲಿ. ಡಬ್ಬಿಗೆ ಬಿದ್ದ ನಾಣ್ಯ ಯಾರ ಮನೆಗೆ ತಲುಪುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು.

ನಮ್ಮಲ್ಲಿಯೂ ಇಂಥದ್ದೊಂದು ಪದ್ಧತಿ ಇದೆಯೆಂಬುದನ್ನು ಇಲ್ಲಿ ಇದುವರೆಗೆ ಯಾರೂ ಹೇಳಲಿಲ್ಲ. 1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ನಡೆಯುತ್ತಿದೆ. ಕೆಂಪು, ಕಡು ನೀಲಿ, ತಿಳಿ ನೀಲಿ ಬಣ್ಣದ ಚಿಕ್ಕ ಬಾವುಟವನ್ನು ಅಂಗಿಗೆ ಸಿಕ್ಕಿಸಿ ದೇಣಿಗೆ ಪಡೆಯುತ್ತಾರೆ. ಮೂರು ಬಣ್ಣಗಳು ಭೂಸೇನೆ, ನೌಕಾಪಡೆ, ವಾಯುಪಡೆಗಳ ಗುರುತು. ಆ ಹಣ ಯೋಧರ ವಿಧವೆಯರು, ಮಕ್ಕಳು, ಗಾಯಗೊಂಡವರು ಮತ್ತು ನಿವೃತ್ತರಿಗೆ ಸಲ್ಲುತ್ತದೆ. ಶಾಲೆಯಲ್ಲಿ ಬಾವುಟಕ್ಕೆ ಹಣ ಕೊಟ್ಟ ನೆನಪು ನಿಮ್ಮಲ್ಲಿ ಹಲವರಿಗೆ ಇರಬಹುದು, ಏನಕ್ಕೆ ಕೊಟ್ಟೆವೆಂಬುದು ಎಷ್ಟು ಮಂದಿಗೆ ತಿಳಿದಿತ್ತೋ ನಾನರಿಯೆ. ಅಲ್ಲಿ ಎರಡು ವಾರ ಇಡೀ ದೇಶ ಹೂವು ಧರಿಸುತ್ತದೆ, ಇಲ್ಲಿ ಧ್ವಜ ದಿನ ಮುಗಿದದ್ದೂ ಪೇಟೆಗೆ ಗೊತ್ತಾಗುವುದಿಲ್ಲ.

ಇನ್ನು ತಕರಾರು ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ದೇಣಿಗೆ ಪಿಂಚಣಿಗೆ ಬದಲಿಯಲ್ಲ. 2015ರಲ್ಲಿ ಸಮಾನ ಹುದ್ದೆಗೆ ಸಮಾನ ಪಿಂಚಣಿ ಬೇಕೆಂದು ನಮ್ಮ ಹಿರಿಯರು ದೆಹಲಿಯ ಜಂತರ್ ಮಂತರ್‌ನಲ್ಲಿ ಪದಕ ಹಾಕಿಕೊಂಡು ಕೂರಬೇಕಾಯಿತು. ಆದರೆ ಪಿಂಚಣಿಯ ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಮನೆಯಲ್ಲಿ ಒಲೆ ಉರಿಯಬೇಕಲ್ಲ, ಅದಕ್ಕೆ ಇಂಥ ನಿಧಿ ಬೇಕು.

ಲೆಸ್ಟರ್ ಶುಶ್ರೂಷಕಿ

ಸುಬೇದಾರ್ ಸರ್, ನಿಮಗೆ ವಂದನೆಗಳು. ಕಡ್ಡಾಯವಿಲ್ಲ ಎಂದು ಎಡಿನ್‌ಬರೋದವರು ಬರೆದಿದ್ದಾರೆ, ಕಾಗದದ ಮೇಲೆ ಅದು ಸರಿ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ, ಸೂಜಿ ಚುಚ್ಚೀತೆಂದು ನಾನು ಹೂವನ್ನು ಸಮವಸ್ತ್ರದಿಂದ ತೆಗೆದಿಟ್ಟಿದ್ದಾಗ, ಮೇಲಧಿಕಾರಿಯೊಬ್ಬರು ಎಲ್ಲರ ಮುಂದೆ ನನ್ನ ಹೂವು ಎಲ್ಲಿ ಎಂದು ಕೇಳಿದರು. ಪಕ್ಕದಲ್ಲಿದ್ದ ಬಿಳಿಯ ಸಹೋದ್ಯೋಗಿಯ ಬಳಿಯೂ ಹೂವಿರಲಿಲ್ಲ, ಆಕೆಯನ್ನು ಕೇಳಲಿಲ್ಲ. ಕಂದುಬಣ್ಣದವರ ಎದೆಯ ಮೇಲೆ ಹೂವು ಇದೆಯೋ ಇಲ್ಲವೋ ಎಂದು ನೋಡುವ ಕಣ್ಣುಗಳು ಕೆಲವಿವೆ. ಈ ಒತ್ತಡದ ಬಗ್ಗೆ ನಾವಷ್ಟೇ ದೂರುತ್ತಿಲ್ಲ. ಚಾನೆಲ್ ಫೋರ್‌ನ ವಾರ್ತಾವಾಚಕ ಜಾನ್ ಸ್ನೋ 2006ರಲ್ಲಿಯೇ ತೆರೆಯ ಮೇಲೆ ಧರಿಸಲು ನಿರಾಕರಿಸಿ, ಈ ಬಲವಂತವನ್ನು ಪಾಪ್ಪಿ ಫ್ಯಾಸಿಸಂ ಎಂದು ಕರೆದಿದ್ದರು.

ಇಷ್ಟಾದರೂ ನಾನು ಪ್ರತಿ ವರ್ಷ ಡಬ್ಬಿಗೆ ಹಣ ಹಾಕುತ್ತೇನೆ, ಧರಿಸುವುದು ಮಾತ್ರ ಕೆಲಸ ಮುಗಿದ ಮೇಲೆ.

ಡಬ್ಲಿನ್ ದಾರಿ

ಐರ್ಲೆಂಡಿನಲ್ಲಿ ಕೆಲಸ ಮಾಡುವ ನನಗೆ ನಿಮ್ಮ ಮಾವನವರ ಮಾತು ಹೊಸದಾಗಿ ಕೇಳಿಸಲಿಲ್ಲ, ಮೇಡಂ. ಇಲ್ಲಿ ಈ ವಾದ ನೂರು ವರ್ಷ ಹಳೆಯದು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ಹುಟ್ಟಿದ ಫುಟ್‌ಬಾಲ್ ಆಟಗಾರ ಜೇಮ್ಸ್ ಮೆಕ್ಲೀನ್, ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಆಡುತ್ತಲೇ 2012ರಿಂದ ಪಾಪ್ಪಿ ಇರುವ ಅಂಗಿಯನ್ನು ತೊಡಲು ಒಪ್ಪಲಿಲ್ಲ. ಎರಡು ಮಹಾಯುದ್ಧಗಳಲ್ಲಿ ಸತ್ತವರಿಗಷ್ಟೇ ಆಗಿದ್ದರೆ ದಿನವೂ ಧರಿಸುತ್ತಿದ್ದೆ, ಆದರೆ ಅದು ಬ್ರಿಟಿಷ್ ಸೇನೆಯ ಎಲ್ಲ ಕಾರ್ಯಾಚರಣೆಗಳಿಗೂ ಸೇರಿದ್ದು, 1972ರಲ್ಲಿ ನಮ್ಮ ಊರಿನಲ್ಲಿ ಅದೇ ಸೇನೆ ಜನರ ಮೇಲೆ ಗುಂಡು ಹಾರಿಸಿತು ಎಂಬುದು ಅವರು 2014ರಲ್ಲಿ ತಮ್ಮ ಕ್ಲಬ್ಬಿನ ಒಡೆಯರಿಗೆ ಬರೆದ ಪತ್ರದ ಸಾರಾಂಶ. ಪ್ರೇಕ್ಷಕರ ಬೈಗುಳಗಳನ್ನು ಅವರು ವರ್ಷವರ್ಷವೂ ಕೇಳಬೇಕಾಯಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಸೇರಿ ಸತ್ತ ಐರಿಷ್ ಯೋಧರನ್ನು ಸ್ವತಂತ್ರ ಐರ್ಲೆಂಡ್ ಬಹುಕಾಲ ಮರೆತೇ ಇತ್ತು. 2017ರಲ್ಲಿ ಅಂದಿನ ಪ್ರಧಾನಿ, ಮುಂಬಯಿ ಮೂಲದ ತಂದೆಯ ಮಗ ಲಿಯೊ ವರಾಡ್ಕರ್, ಐರಿಷ್ ಶ್ಯಾಮ್‌ರಾಕ್ ಎಲೆಯೊಳಗೆ ಪಾಪ್ಪಿ ಇರುವ ಪಿನ್ನನ್ನು ಧರಿಸಿ ಸಂಸತ್ತಿಗೆ ಬಂದರು. ಆಳಿದವರ ಸೈನ್ಯದಲ್ಲಿ ಸತ್ತ ನಮ್ಮವರನ್ನು ಏನು ಮಾಡುವುದು ಎಂಬ ಪ್ರಶ್ನೆ ಅವರಿಗೂ ಇದೆ, ನಮಗೂ ಇದೆ.

ಮಡಿಕೇರಿ ಮಳೆ

ನಾನು ಕೊಡಗಿನವಳು. ನನ್ನ ಅಜ್ಜ ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಗಡಿಯಲ್ಲಿ ಕಾದಾಡಿದವರು. ಅದು ಬ್ರಿಟಿಷ್ ಇಂಡಿಯನ್ ಸೇನೆಯೇ ಆಗಿತ್ತು, ಏನು ಮಾಡೋಣ? ಅಂದು ಅದೇ ಬರ್ಮಾದ ರಣರಂಗದಲ್ಲಿ ಇದ್ದ ಕೊಡಗಿನ ತಿಮ್ಮಯ್ಯನವರು ಮುಂದೆ ಸ್ವತಂತ್ರ ಭಾರತದ ಭೂಸೇನೆಯ ಮುಖ್ಯಸ್ಥರಾದರು, ಅವರಿಗಿಂತ ಮೊದಲು ಕಾರ್ಯಪ್ಪನವರು ಆ ಸ್ಥಾನಕ್ಕೇರಿದ 1949ರ ಜನವರಿ 15ನ್ನು ಇಡೀ ದೇಶ ಸೇನಾ ದಿನವೆಂದು ಆಚರಿಸುತ್ತದೆ. ಅವರ ಹಿಂದಿನ ಸೇವೆಯನ್ನು ಬೇರೆಯವರ ಲೆಕ್ಕಕ್ಕೆ ಬರೆದುಬಿಡುವುದು ಸಾಧ್ಯವಿಲ್ಲ.

ನಾನು ಧರಿಸುವುದು ಖಾದಿಯ ಪಾಪ್ಪಿ. ಮೊದಲ ಮಹಾಯುದ್ಧ ಮುಗಿದ ನೂರನೆಯ ವರ್ಷವಾದ 2018ರಲ್ಲಿ, ಭಾರತೀಯ ಯೋಧರ ಪಾತ್ರವನ್ನು ನೆನೆಯಲು ಲೀಜನ್ ಸಂಸ್ಥೆ ಖಾದಿ ಬಟ್ಟೆಯಲ್ಲಿ ಈ ಹೂವನ್ನು ತಂದಿತ್ತು. ಯಾರಾದರೂ ಅದೇನು ಎಂದು ಕೇಳಿದರೆ, ಆ ಯುದ್ಧದಲ್ಲಿ ಅವಿಭಜಿತ ಭಾರತದ 13 ಲಕ್ಷಕ್ಕೂ ಹೆಚ್ಚು ಮಂದಿ ಸೇವೆ ಸಲ್ಲಿಸಿದರು, 70,000ಕ್ಕೂ ಹೆಚ್ಚು ಮಂದಿ ಸತ್ತರು ಎಂದು ಹೇಳುವುದಕ್ಕೆ ಒಂದು ಅವಕಾಶ ಸಿಗುತ್ತದೆ.

ತಕರಾರು

ಖಾದಿಯಿಂದ ಯುದ್ಧದ ಹೂವು! ಗಾಂಧೀಜಿಯವರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಕರಿಹಲಗೆ

ಗಾಂಧೀಜಿಯವರನ್ನು ಈ ವಾದಕ್ಕೆ ಎಳೆದು ತರುವ ಮೊದಲು 1918ನ್ನು ಒಮ್ಮೆ ನೋಡಿ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು, ಬ್ರಿಟಿಷ್ ಸೇನೆಗೆ ಸೇರಿರೆಂದು ರೈತರನ್ನು ಕೇಳಿದವರು ಅವರೇ. 1914ರಲ್ಲಿ ಲಂಡನ್ನಿನಲ್ಲಿದ್ದಾಗ ಗಾಯಾಳುಗಳ ಶುಶ್ರೂಷೆಗೆ ಭಾರತೀಯರ ದಳವನ್ನೂ ಕಟ್ಟಿದ್ದರು. ಅದು ಸರಿಯೇ ತಪ್ಪೇ ಎಂದು ವಾದಿಸಬಹುದು, ಖೇಡಾದ ರೈತರು ಆಗಲೇ ವಾದಿಸಿದರು, ಹೆಚ್ಚಿನವರು ಸೇರಲೂ ಇಲ್ಲ.

ತಕರಾರು

ಆಯಿತು, ಖಾದಿಯನ್ನು ಬಿಡೋಣ, ಹೆಸರುಗಳ ವಿಷಯಕ್ಕೆ ಬರೋಣ. ನಿಮ್ಮ 70,000 ಮಂದಿಯಲ್ಲಿ ಎಷ್ಟು ಜನರ ಹೆಸರು ಕಲ್ಲಿನ ಮೇಲಿದೆ? ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವೇ ನೇಮಿಸಿದ ಸಮಿತಿ 2021ರ ಏಪ್ರಿಲ್‌ನಲ್ಲಿ ಕೊಟ್ಟ ವರದಿಯನ್ನು ಓದಿ. ಭಾರತ, ಆಫ್ರಿಕಾ, ಈಜಿಪ್ಟ್ ಮುಂತಾದ ಕಡೆಗಳ 45,000ದಿಂದ 54,000 ಮೃತರನ್ನು ಇತರರಿಗೆ ಸಮನಾಗಿ ಸ್ಮರಿಸಿಲ್ಲ, ಕನಿಷ್ಠ 1,16,000 ಮಂದಿಯ ಹೆಸರನ್ನು ಎಲ್ಲಿಯೂ ಬರೆದಿಲ್ಲ ಅಥವಾ ಅವರಿಗೆ ಸ್ಮಾರಕವೇ ಇಲ್ಲ ಎಂದು ಅದರಲ್ಲಿದೆ. ಇರಾಕಿನ ಬಸ್ರಾದ ಸ್ಮಾರಕದಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳಿವೆ, ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ ಮಾತ್ರ ಪಲ್ಟನ್ನಿನ ಹೆಸರಿನ ಕೆಳಗೆ ಒಂದು ಸಂಖ್ಯೆ. ಮೊದಲು ಆ ಸಂಖ್ಯೆಗಳನ್ನು ಹೆಸರುಗಳಾಗಿ ಮಾಡಲಿ, ಆಮೇಲೆ ನಾವು ಹೂವಿನ ಮಾತನಾಡೋಣ.

ಬೆಳಗಾವಿಯ ಸುಬೇದಾರ್

ತಕರಾರು ಅವರೇ, ಈ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಹೋರಾಡಿದವರಲ್ಲಿ ಮರಾಠಾ ಪಲ್ಟನ್ನುಗಳೂ ಇದ್ದವು. 1916ರ ಏಪ್ರಿಲ್ 29ರಂದು ಕುತ್ ಪಟ್ಟಣ ಶರಣಾದಾಗ ತುರ್ಕಿಯವರ ಕೈಗೆ ಸೆರೆ ಸಿಕ್ಕವರಲ್ಲಿ ನಮ್ಮ ಜನ ಇದ್ದರು, ಸೆರೆಯಲ್ಲಿ ಸತ್ತವರೂ ಇದ್ದರು. ಅವರಲ್ಲಿ ಯಾವ ಹಳ್ಳಿಯವರು, ಯಾರ ಮನೆಯವರು ಎಂದು ಕೇಳಿದರೆ ಹೇಳಲು ಇಂದು ನಮ್ಮೂರುಗಳಲ್ಲಿ ಬಹುತೇಕ ಯಾರೂ ಇಲ್ಲ. ಆದರೆ ಹೆಸರು ಕೆತ್ತುವವರೆಗೆ ಹೂವು ಬೇಡವೆಂದರೆ ಕೆತ್ತಿಸುವವರು ಯಾರು? ವಿಚಾರಿಸುವವರು ಇದ್ದುದರಿಂದಲೇ ಆ ವರದಿ ಹೊರಬಂತು, ಬ್ರಿಟಿಷ್ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಬೇಕಾಯಿತು.

ಮೆಲ್ಬರ್ನ್ ಮೈಸೂರಿಗ

ಇಲ್ಲಿಯ ಪದ್ಧತಿಯನ್ನೂ ಸೇರಿಸುತ್ತೇನೆ. ಆಸ್ಟ್ರೇಲಿಯಾದಲ್ಲಿ ಮೊದಲ ಮಹಾಯುದ್ಧ ನಿಂತ ದಿನವಾದ ನವೆಂಬರ್ 11ಕ್ಕೆ ಪಾಪ್ಪಿ ಇದ್ದರೂ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಯೋಧರನ್ನು ನೆನೆಯುವ ಏಪ್ರಿಲ್ 25ರ ಆನ್‌ಜಾಕ್ ದಿನದಂದು ರೋಸ್‌ಮೇರಿಯ ಚಿಕ್ಕ ಕಡ್ಡಿಯನ್ನು ಕೋಟಿಗೆ ಸಿಕ್ಕಿಸಿಕೊಳ್ಳುತ್ತಾರೆ, ಏಕೆಂದರೆ 1915ರಲ್ಲಿ ಕದನ ನಡೆದ ತುರ್ಕಿಯ ಗ್ಯಾಲಿಪೊಲಿಯ ಗುಡ್ಡಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ನ್ಯೂಜಿಲೆಂಡಿನವರು ಪಾಪ್ಪಿಯನ್ನು ಏಪ್ರಿಲ್‌ನಲ್ಲಿಯೇ ಧರಿಸುವುದಕ್ಕೆ ಒಂದು ಸ್ವಾರಸ್ಯದ ಕಾರಣವಿದೆ. 1921ರಲ್ಲಿ ಹೂವು ಹೊತ್ತ ಹಡಗು ನವೆಂಬರಿಗೆ ಸರಿಯಾಗಿ ತಲುಪದೆ, ಹಂಚುವುದನ್ನು 1922ರ ಏಪ್ರಿಲ್‌ಗೆ ಮುಂದೂಡಿದರು, ಅಲ್ಲಿಗೆ ಅದೇ ರೂಢಿಯಾಯಿತು. ಫ್ರಾನ್ಸಿನವರದು ನೀಲಿ ಹೂವು. ಪ್ಯಾರಿಸ್ಸಿನ ಸೇನಾ ಆಸ್ಪತ್ರೆಯಲ್ಲಿ ಗಾಯಾಳುಗಳ ಕೈಗೆ ಕೆಲಸ ಕೊಡಲೆಂದು 1916ರಲ್ಲಿ ಇಬ್ಬರು ಮಹಿಳೆಯರು ಅದನ್ನು ಮಾಡಿಸತೊಡಗಿದರು. ಗ್ಯಾಲಿಪೊಲಿಯಲ್ಲಿ ಸಿಖ್ಖರು, ಗೂರ್ಖರು ಮತ್ತು ಭಾರತದ ಹೇಸರಗತ್ತೆಯ ದಳದವರು ಇದ್ದರೆಂಬುದು ನನ್ನ ಇಲ್ಲಿಯ ಗೆಳೆಯರಿಗೆ ಇಂದಿಗೂ ಸುದ್ದಿಯೇ.

ಗಸಗಸೆ ಪಾಯಸ

ಎಲ್ಲರಿಗೂ ಒಂದೊಂದು ಹೂವು ಇರುವಾಗ ನಮಗೇಕೆ ಇಲ್ಲ?

ಮಡಿಕೇರಿ ಮಳೆ

ಇದೆ. ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಎಂಬ ಸೇನಾ ಅಧ್ಯಯನ ಸಂಸ್ಥೆಯವರು ಭಾರತದ ಯೋಧರ ಸ್ಮರಣೆಗೆ ಚೆಂಡುಹೂವನ್ನು ಸೂಚಿಸಿದ್ದಾರೆ. ಎಲ್ಲ ಕಡೆ ಸಿಗುತ್ತದೆ, ಯಾವ ಮತಕ್ಕೂ ಮೀಸಲಲ್ಲ, ಬಣ್ಣದಲ್ಲಿ ಕೇಸರಿಯ ತ್ಯಾಗವಿದೆ. ಅದು ಜನರಲ್ಲಿ ಇನ್ನೂ ಬೇರೂರಿಲ್ಲ ಎಂಬುದು ನಿಜ.

ಕರಿಹಲಗೆ

ಆಯುಧಪೂಜೆಗೆ ಬಸ್ಸಿಗೂ ಲಾರಿಗೂ ಕಟ್ಟುವ ಹೂವು ಅದು, ಎದೆಗೆ ಸಿಕ್ಕಿಸಿಕೊಂಡರೆ ಯಾವ ಹಬ್ಬವೆಂದು ಕೇಳುತ್ತಾರೆ. ಹೂವಿನ ಜೊತೆಗೆ ಒಂದು ದಿನವೂ ಬೇಕು. ಕರ್ನಾಟಕದ ಮಟ್ಟಿಗೆ ಆ ದಿನ ಸೆಪ್ಟೆಂಬರ್ 23 ಆಗಬಹುದು. 1918ರ ಅಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಸವಾರರು ಈಟಿ ಹಿಡಿದು, ಮಷೀನ್‌ಗನ್ನುಗಳಿಗೆ ಎದೆಯೊಡ್ಡಿ, ಇಂದು ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ತುರ್ಕಿಯವರಿಂದ ಗೆದ್ದರು. ಮೈಸೂರು ಸವಾರರು ಕಾರ್ಮೆಲ್ ಬೆಟ್ಟದ ತೋಪುಗಳನ್ನು ಹಿಡಿದರು. ಮೈಸೂರು, ಹೈದರಾಬಾದ್ ಮತ್ತು ಜೋಧಪುರಗಳ ಸವಾರರ ಮೂರು ಪ್ರತಿಮೆಗಳಿಂದಲೇ ದೆಹಲಿಯ ತೀನ್ ಮೂರ್ತಿಗೆ ಆ ಹೆಸರು ಬಂದಿತು. 2018ರಲ್ಲಿ ಅದಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಟ್ಟರು. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಲ್ಯಾನ್ಸರ್ಸ್ ಸ್ಮಾರಕವಿದೆ. ಪಕ್ಕದ ರಸ್ತೆಯವರನ್ನು ಕೇಳಿ, ದೆಹಲಿಯ ದಾರಿಯಾದರೂ ಹೇಳಿಯಾರು, ಇದರ ದಾರಿ ಹೇಳಲಾರರು.

ಡಬ್ಲಿನ್ ದಾರಿ

ಬಿಳಿ ಪಾಪ್ಪಿಯನ್ನು ಯಾರೂ ಪ್ರಸ್ತಾಪಿಸಲಿಲ್ಲ. 1933ರಲ್ಲಿ ಬ್ರಿಟನ್ನಿನ ಸಹಕಾರಿ ಮಹಿಳಾ ಸಂಘದವರು ಅದನ್ನು ಶುರು ಮಾಡಿದರು. ಅವರಲ್ಲಿ ಗಂಡನನ್ನೋ ಮಗನನ್ನೋ ಯುದ್ಧದಲ್ಲಿ ಕಳೆದುಕೊಂಡವರೇ ಹಲವರು ಇದ್ದರು. ಸತ್ತ ಎಲ್ಲರನ್ನೂ, ನಾಗರಿಕರನ್ನೂ ಸೇರಿಸಿ, ನೆನೆಯುವುದು ಮತ್ತು ಮುಂದೆ ಯುದ್ಧ ಬೇಡವೆನ್ನುವುದು ಅದರ ಉದ್ದೇಶ. ತಕರಾರು ಅವರಿಗೆ ಒಪ್ಪಬಹುದೇನೋ.

ಬೆಳಗಾವಿಯ ಸುಬೇದಾರ್

ಯುದ್ಧ ಬೇಡವೆಂಬುದು ಯುದ್ಧ ಮಾಡಿದವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಅದರಲ್ಲಿ ಜಗಳವಿಲ್ಲ. ಆದರೆ ಬಿಳಿ ಹೂವಿನ ಹಣ ಶಾಂತಿಯ ಪ್ರಚಾರಕ್ಕೆ ಹೋಗುತ್ತದೆಯೇ ಹೊರತು ಕಾಲಿಲ್ಲದವನ ಮನೆಗೆ ಹೋಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಕೆಂಪನ್ನು ಆರಿಸುತ್ತೇನೆ.

ತಕರಾರು

ನನಗೆ ಯಾವುದೂ ಬೇಡ, ಬಿಳಿಯದೂ ಬೇಡ. ಸುಬೇದಾರ್ ಸಾಹೇಬರು ಹೇಳಿದ ಧ್ವಜ ದಿನದ ನಿಧಿಗೆ ಇಲ್ಲಿಂದಲೇ ಹಣ ಕಳಿಸಬಹುದೇ ಎಂಬುದನ್ನು ಮಾತ್ರ ತಿಳಿಸಲಿ.

ಬೆಳಗಾವಿಯ ಸುಬೇದಾರ್

ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ ದೇಣಿಗೆಯ ವ್ಯವಸ್ಥೆ ಇದೆ. ಭಾರತದಲ್ಲಿ ತೆರಿಗೆ ಕಟ್ಟುವವರಾದರೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಸಿಗಬಹುದು. ಕರ್ನಾಟಕದಲ್ಲಿಯೇ ಕೊಡಬೇಕೆಂದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಕೇಳಿ. ಅಪರಿಚಿತರು ಮೊಬೈಲಿಗೆ ಕಳಿಸುವ ಕೊಂಡಿಗಳನ್ನು ಮಾತ್ರ ಒತ್ತಬೇಡಿ, ಯೋಧರ ಹೆಸರಿನಲ್ಲಿ ಮೋಸ ಮಾಡುವವರಿಗೆ ಕೊರತೆಯಿಲ್ಲ.

ಥೇಮ್ಸ್ ದಂಡೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಇದನ್ನೆಲ್ಲ ಮಾವನವರಿಗೆ ಓದಿ ಹೇಳಿದೆ. ಮೈಸೂರು ಲ್ಯಾನ್ಸರ್ಸ್ ವಿಷಯ ಅವರಿಗೆ ಗೊತ್ತಿತ್ತು, ಬಸ್ರಾದ ಸಂಖ್ಯೆಗಳ ವಿಷಯ ಗೊತ್ತಿರಲಿಲ್ಲ. ಸಿಪಾಯಿಗೆ ಹಣ ಕೊಡಿ, ಮಗು ಹೂವು ಧರಿಸಲಿ, ಆದರೆ ಅದರ ಪೂರ್ತಿ ಕಥೆಯನ್ನು ಅವಳಿಗೆ ಹೇಳಿ ಎಂದರು. ನಾನು ಕೆಂಪು ಹೂವನ್ನೇ ಕೊಂಡೆ. ತಕರಾರು ಅವರು ಬೇಸರಿಸಬಾರದು. ಮಗಳಿಗೆ ತೋರಿಸಲು ಲಂಡನ್ನಿನ ಸುತ್ತಮುತ್ತ ಭಾರತೀಯ ಯೋಧರ ಸ್ಮಾರಕಗಳು ಎಲ್ಲಿವೆಯೆಂದು ತಿಳಿಸುವಿರಾ?

ತಕರಾರು

ಬೇಸರವಿಲ್ಲ ಮೇಡಂ. ಪೂರ್ತಿ ಕಥೆ ಎಂದರೆ ಪೂರ್ತಿ ಕಥೆಯೇ, ಹೇಗ್ ಅವರನ್ನು ಬಿಡಬೇಡಿ.

ಲೆಸ್ಟರ್ ಶುಶ್ರೂಷಕಿ

ಲಂಡನ್ನಿನಲ್ಲಿಯೇ ಹೈಡ್ ಪಾರ್ಕ್ ಕಾರ್ನರ್ ಬಳಿ 2002ರಲ್ಲಿ ತೆರೆದ ಸ್ಮಾರಕ ದ್ವಾರಗಳಿವೆ, ಅಲ್ಲಿ ಭಾರತ ಉಪಖಂಡ, ಆಫ್ರಿಕಾ ಮತ್ತು ಕೆರಿಬಿಯನ್ ಯೋಧರನ್ನು ಒಟ್ಟಿಗೆ ನೆನೆಯುತ್ತಾರೆ. ಆದರೆ ಮಗಳನ್ನು ಕರೆದುಕೊಂಡು ಹೋಗುವುದಾದರೆ ನಾನು ಬ್ರೈಟನ್ನಿನ ‘ಛತ್ರಿ’ ಎಂಬ ಸ್ಮಾರಕಮಂಟಪವನ್ನು ಹೇಳುತ್ತೇನೆ. 1914ರ ಡಿಸೆಂಬರಿನಿಂದ ಬ್ರೈಟನ್ನಿನ ರಾಯಲ್ ಪೆವಿಲಿಯನ್ ಅರಮನೆಯನ್ನು ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಗಿ ಮಾಡಿದ್ದರು, ಜಾತಿ ಮತಗಳಿಗೆ ತಕ್ಕಂತೆ ಬೇರೆ ಬೇರೆ ಅಡುಗೆಮನೆಗಳನ್ನೂ ನೀರಿನ ನಲ್ಲಿಗಳನ್ನೂ ಇಟ್ಟಿದ್ದರು. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಯೋಧರಲ್ಲಿ 53 ಮಂದಿಯನ್ನು ಪ್ಯಾಚಮ್ ಹಳ್ಳಿಯ ಮೇಲಿನ ಗುಡ್ಡದಲ್ಲಿ ದಹನ ಮಾಡಿದರು. ಆ ಜಾಗದಲ್ಲಿ 1921ರಲ್ಲಿ ಅಮೃತಶಿಲೆಯ ಛತ್ರಿ ಎದ್ದಿತು. ಅದರ ಮೇಲೆ ಹೆಸರುಗಳಿರಲಿಲ್ಲ. 2010ರಲ್ಲಿ ಪಕ್ಕದಲ್ಲಿ ಇನ್ನೊಂದು ಕಲ್ಲನ್ನು ನಿಲ್ಲಿಸಿ ಆ 53 ಹೆಸರುಗಳನ್ನೂ ಕೆತ್ತಿದರು. ಸುಬೇದಾರ್ ಸರ್ ಮತ್ತು ತಕರಾರು ಅವರು ಕೇಳಿದ್ದು ಇದನ್ನೇ ಎಂದು ಭಾವಿಸುತ್ತೇನೆ.

ಛತ್ರಿಯವರೆಗೆ ವಾಹನ ಹೋಗುವುದಿಲ್ಲ. ಕುರಿ ಮೇಯುವ ಹುಲ್ಲುಗಾವಲಿನ ನಡುವೆ ಗುಡ್ಡ ಹತ್ತಬೇಕು, ಗಾಳಿ ಜೋರಾಗಿರುತ್ತದೆ, ನವೆಂಬರಿನಲ್ಲಿ ದಾರಿ ಕೆಸರು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಅಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಯುತ್ತದೆ, ಮಗುವಿಗೆ ಆ ಹವೆಯೇ ಮೇಲು. ಈಗಲೇ ಹೋಗುವಿರಾದರೆ ಬೂಟು ಹಾಕಿಸಿ, ಕಾಗದದ ಹೂವನ್ನು ಕೋಟಿನ ಒಳಗೆ ಸಿಕ್ಕಿಸಿ.